ಕಾರಿನಡಿ ಮಲಗಿದವರ ಚರಿತ್ರೆ

2023ರ ಅಕ್ಟೋಬರ್ ಕೊನೆಯಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ಬೀದಿಗಳಿಂದ ಅಧಿಕೃತವಾಗಿ ಮರೆಯಾಯಿತು. ಕೊನೆಯ ಕಪ್ಪು-ಹಳದಿ ಪದ್ಮಿನಿ ತಾಡದೇವದ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಆ ನಗರದಲ್ಲಿ ಟ್ಯಾಕ್ಸಿಗೆ ಕಾನೂನು ಕೊಟ್ಟಿರುವ ಆಯುಸ್ಸು ಇಪ್ಪತ್ತು ವರ್ಷ. ಅಷ್ಟೂ ತೀರಿತು. ಪತ್ರಿಕೆಗಳು ಅದರ ಬಣ್ಣ, ಛಾವಣಿಯ ಕ್ಯಾರಿಯರ್, ಹೂವಿನ ಚಿತ್ತಾರದ ಸೀಟು, ಹಿಂದಿ ಸಿನಿಮಾದಲ್ಲಿ ಅದಕ್ಕಿದ್ದ ಪಾತ್ರ ಎಲ್ಲವನ್ನೂ ನೆನೆದವು. ಅದರ ಹೊಟ್ಟೆಯ ಕೆಳಗೆ ಉದ್ದಕ್ಕೂ ಹಾದುಹೋಗಿದ್ದ ಕಬ್ಬಿಣದ ಶಾಫ್ಟಿನ ಬಗ್ಗೆ ಬರೆದವರು ಕಡಿಮೆ. ಮುಂದೆ ಕೂತ ಎಂಜಿನ್ನಿನ ತಿರುಗುವಿಕೆಯನ್ನು ಹಿಂದಿನ ಚಕ್ರಕ್ಕೆ ಮುಟ್ಟಿಸುತ್ತಿದ್ದದ್ದು ಅದೇ.

ಎಂಜಿನ್ನಿನಿಂದ ಚಕ್ರದವರೆಗಿನ ಈ ಇಡೀ ಸಾಲಿಗೆ, ಅಂದರೆ ಕ್ಲಚ್ಚು, ಗೇರ್‌ಬಾಕ್ಸು, ಶಾಫ್ಟು, ಅದರ ಕೀಲುಗಳು, ಡಿಫರೆನ್ಷಿಯಲ್ಲು ಎಲ್ಲಕ್ಕೂ ಸೇರಿ ಡ್ರೈವ್‌ಟ್ರೇನ್ ಎನ್ನುತ್ತಾರೆ. ಎಂಜಿನ್ನಿಗೆ ಸಿಗುವ ಮರ್ಯಾದೆ ಇದಕ್ಕೆ ಸಿಗುವುದಿಲ್ಲ. ಕೆಟ್ಟಾಗ ಮಾತ್ರ ನೆನಪಾಗುತ್ತದೆ, ಅದೂ ಸದ್ದಿನ ಮೂಲಕ. ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಸೊಸೈಟಿಗಳಲ್ಲಿ ಇಂದು ನಿಂತಿರುವ ಎಸ್‌ಯುವಿಗಳ ಅಡಿಗೆ ಮಾಲೀಕ ತಾನೇ ಟಾರ್ಚು ಹಿಡಿದು ತಲೆಹಾಕಬಹುದೇ, ಹಾಕಿದರೆ ಅಲ್ಲಿ ಏನು ಕಂಡೀತು, ಕಂಡದ್ದನ್ನು ಮುಟ್ಟುವ ಹಕ್ಕು ಅವನಿಗಿದೆಯೇ ಎಂಬ ಪ್ರಶ್ನೆಗಳಿಗೆ ಎಪ್ಪತ್ತು ವರ್ಷಗಳ ಹಿನ್ನೆಲೆ ಇದೆ. ಅದರ ಬಹುಪಾಲು ನಡೆದದ್ದು ಇದೇ ಸೀಮೆಯಲ್ಲಿ.

ವಾಲ್‌ಚಂದ್ ಹೀರಾಚಂದ್ ಪ್ರೀಮಿಯರ್ ಕಂಪನಿಯನ್ನು ಕಟ್ಟಿದ್ದು 1944ರಲ್ಲಿ. ಕುರ್ಲಾದ ಕಾರ್ಖಾನೆಯಲ್ಲಿ ಮೊದಲು ಅಮೆರಿಕದ ಕ್ರೈಸ್ಲರ್ ಬಳಗದ ಗಾಡಿಗಳನ್ನು ಜೋಡಿಸುತ್ತಿದ್ದರು, 1950ರ ದಶಕದಲ್ಲಿ ಇಟಲಿಯ ಫಿಯೆಟ್ ಬಂತು. ಫಿಯೆಟ್ 1100 ಮುಂದೆ ಹೆಸರು ಬದಲಿಸುತ್ತ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರ ಹೊತ್ತಿಗೆ ಪದ್ಮಿನಿ ಆಯಿತು. ಹೆಸರು ಬದಲಾದರೂ ಒಳಗಿನದು ಹೆಚ್ಚು ಬದಲಾಗಲಿಲ್ಲ: 1089 ಸಿಸಿ ಎಂಜಿನ್, ಸ್ಟಿಯರಿಂಗಿನ ಪಕ್ಕದಲ್ಲೇ ಗೇರಿನ ಹಿಡಿ, ನಾಲ್ಕು ಗೇರು, ಹಿಂದಿನ ಚಕ್ರಕ್ಕೆ ಶಕ್ತಿ. ಇತ್ತ ಮಹೀಂದ್ರ ಕಂಪನಿ 1947ರಲ್ಲಿ ಮುಂಬಯಿಯಲ್ಲೇ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಜೀಪಿನಲ್ಲಿ ಶಾಫ್ಟು ಒಂದಲ್ಲ, ಎರಡು. ಹಿಂದಕ್ಕೊಂದು, ಮುಂದಕ್ಕೊಂದು, ನಡುವೆ ಶಕ್ತಿಯನ್ನು ಹಂಚುವ ಇನ್ನೊಂದು ಪೆಟ್ಟಿಗೆ. ಇಂದಿನ ಎಸ್‌ಯುವಿಗಳು ವಂಶಾವಳಿ ಹೇಳಿಕೊಳ್ಳುವುದು ಈ ಜೀಪಿನಿಂದ. ಅದು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಮುಂದೆ ನೋಡೋಣ.

ಆ ಕಾಲದ ಶಾಫ್ಟಿನ ಎರಡು ತುದಿಗೂ ಒಂದೊಂದು ಕೀಲು. ಶಿಲುಬೆಯಾಕಾರದ ತುಂಡು ಅದರ ನಡುವಿರುತ್ತದೆ, ಆದ್ದರಿಂದಲೇ ಗ್ಯಾರೇಜಿನಲ್ಲಿ ಅದರ ಹೆಸರು ‘ಕ್ರಾಸ್’. ಹದಿನಾರನೆಯ ಶತಮಾನದ ಇಟಲಿಯ ಗಣಿತಜ್ಞ ಜೆರೊಲಾಮೊ ಕಾರ್ಡಾನೊನ ಹೆಸರೂ ಹದಿನೇಳನೆಯ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್‌ನ ಹೆಸರೂ ಈ ಕೀಲಿಗೆ ಅಂಟಿಕೊಂಡಿವೆ. ಡೊಂಬಿವಲಿಯ ಗ್ಯಾರೇಜಿನಲ್ಲಿ ಅವರಿಬ್ಬರೂ ಇಲ್ಲ, ಕ್ರಾಸ್ ಮಾತ್ರ ಇದೆ. ಅದಕ್ಕೆ ಗ್ರೀಸು ತುಂಬಲು ಒಂದು ಪುಟ್ಟ ಮೊಲೆತೊಟ್ಟು. ಗ್ರೀಸ್ ಗನ್ನು ಇಟ್ಟು ಒತ್ತಿದರೆ ಹಳೆಯ ಕಪ್ಪು ಗ್ರೀಸು ಅಂಚಿನಿಂದ ಹೊರಬಂದು ಹೊಸದು ಕಾಣುತ್ತದೆ, ಅಲ್ಲಿಗೆ ಕೆಲಸ ಮುಗಿಯಿತು. ಒತ್ತದೇ ಬಿಟ್ಟರೆ ಕ್ರಾಸ್ ಸವೆದು, ರಿವರ್ಸಿನಿಂದ ಮೊದಲ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟಾಗ ಅಡಿಯಿಂದ ‘ಟಕ್’ ಎಂಬ ಪೆಟ್ಟು ಕೇಳುತ್ತದೆ. ಹಿಂದಿನ ಡಿಫರೆನ್ಷಿಯಲ್ಲಿನ ಕ್ರೌನ್-ಪಿನಿಯನ್ ಸವೆದರೆ ಸದ್ದು ಬೇರೆ. ಒಂದು ವೇಗದಲ್ಲಿ ಊಳಿಡುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಆ ಊಳಿನ ಶ್ರುತಿ ಬದಲಾಗುತ್ತದೆ. ಚಕ್ರದ ಬೇರಿಂಗ್ ಹೋದರೆ ಗುರುಗುಟ್ಟುವಿಕೆ ಗೇರಿಗೂ ಆಕ್ಸಿಲರೇಟರಿಗೂ ಸೊಪ್ಪು ಹಾಕುವುದಿಲ್ಲ, ವೇಗವೊಂದನ್ನೇ ಅನುಸರಿಸುತ್ತದೆ. ಈ ಮೂರು ಸದ್ದುಗಳನ್ನು ಬೇರ್ಪಡಿಸಬಲ್ಲ ಕಿವಿ ಇದ್ದವನು ಅರ್ಧ ಮೆಕ್ಯಾನಿಕ್.

ಮಾಲೀಕರು ತಾವೇ ಕೈ ಹಾಕುತ್ತಿದ್ದದ್ದಕ್ಕೆ ಉತ್ಸಾಹ ಒಂದೇ ಕಾರಣವಲ್ಲ. ಹೊಸ ಕಾರಿಗೆ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು, ಇದ್ದ ಕಾರನ್ನು ಬದುಕಿಸಿಕೊಳ್ಳದೆ ಗತಿಯಿರಲಿಲ್ಲ. ಕಾರಿನ ಜೊತೆ ಬರುತ್ತಿದ್ದ ಪುಸ್ತಿಕೆಯಲ್ಲೇ ಎಲ್ಲಿಗೆ ಗ್ರೀಸು, ಎಲ್ಲಿಗೆ ಯಾವ ಎಣ್ಣೆ, ಎಷ್ಟು ಮೈಲಿಗೊಮ್ಮೆ ಎಂಬ ಪಟ್ಟಿ ಇರುತ್ತಿತ್ತು. ಅಂದರೆ ಕಂಪನಿಯೇ ಮಾಲೀಕನನ್ನು ಗಾಡಿಯಡಿಗೆ ಕರೆಯುತ್ತಿತ್ತು. ಮುಂಬಯಿಯ ಕೋಟೆ, ಗಿರಗಾಂವ್‌ಗಳ ಇಕ್ಕಟ್ಟಿನಿಂದ ಡೊಂಬಿವಲಿ, ಕಲ್ಯಾಣಗಳ ಕಡೆಗೆ ಸರಿದ ಕನ್ನಡದ, ತುಳುವಿನ ಕುಟುಂಬಗಳಿಗೆ ಇನ್ನೊಂದು ಕಾರಣವೂ ಇತ್ತು. ಮೇ ತಿಂಗಳಲ್ಲಿ, ನವರಾತ್ರಿಯಲ್ಲಿ ಊರಿಗೆ ಹೋಗಬೇಕು. 1998ರ ಜನವರಿಯಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವವರೆಗೆ ಕರಾವಳಿಗೆ ನೇರ ದಾರಿಯೆಂದರೆ ಹೆದ್ದಾರಿ 17, ಇಂದಿನ 66. ಕಶೇಡಿ, ಪರಶುರಾಮ ಘಾಟಿಗಳನ್ನು ಹತ್ತಿಳಿದು ಸುಮಾರು ಒಂಬೈನೂರು ಕಿಲೋಮೀಟರ್. ಮಧ್ಯರಾತ್ರಿ ಘಾಟಿಯ ತಿರುವಿನಲ್ಲಿ ಕ್ರಾಸ್ ಮುರಿದರೆ ಮಕ್ಕಳುಮರಿ ಕಟ್ಟಿಕೊಂಡು ಎಲ್ಲಿಗೆ ಹೋಗುವುದು? ಊರಿಗೆ ಹೊರಡುವ ಹಿಂದಿನ ಭಾನುವಾರ ಗಾಡಿಯಡಿ ಚಾಪೆ ಹಾಸಿ ಮಲಗುವುದು ಹವ್ಯಾಸವಲ್ಲ, ಮುಂಜಾಗ್ರತೆ.

ಗ್ಯಾರೇಜಿನ ಭಾಷೆಯ ಬಗ್ಗೆಯೂ ಒಂದು ಮಾತು. ಈ ವಿದ್ಯೆ ಶಾಲೆಯಲ್ಲಿ ಕಲಿತದ್ದಲ್ಲ, ಕೇಳಿ ಕಲಿತದ್ದು. ಪದಗಳೂ ಹಾಗೆಯೇ ಬಂದವು. ಸ್ಪ್ಯಾನರಿಗೆ ಮರಾಠಿ, ಹಿಂದಿಯ ‘ಪಾನಾ’. ಉತ್ತರ ಕರ್ನಾಟಕದವರಿಗೂ ಅದು ಹೊಸದಲ್ಲ. ಬಿಡಿಚಕ್ರಕ್ಕೆ ‘ಸ್ಟೆಪ್ನಿ’: ವೇಲ್ಸ್ ದೇಶದ ಲನೆಲ್ಲಿ ಪಟ್ಟಣದಲ್ಲಿ 1904ರ ಸುಮಾರಿಗೆ ಬಿಡಿಚಕ್ರ ತಯಾರಿಸುತ್ತಿದ್ದವರ ಅಂಗಡಿ ಇದ್ದ ಬೀದಿಯ ಹೆಸರು ಅದು. ಕಾರಿನ ಹಿಂದಿನ ಸಾಮಾನಿನ ಗೂಡಿಗೆ ‘ಡಿಕ್ಕಿ’. ಕನ್ನಡದಲ್ಲಿ ಡಿಕ್ಕಿಯೆಂದರೆ ಗುದ್ದುವುದೂ ಹೌದಾದ್ದರಿಂದ ಡಿಕ್ಕಿಗೆ ಡಿಕ್ಕಿ ಹೊಡೆದ ಸುದ್ದಿಯನ್ನು ಬರೆಯುವುದು ಕಷ್ಟ. ಪಾನಾದ ಅಳತೆಯಲ್ಲೂ ಎರಡು ಲೋಕ. ಅಮೆರಿಕದ ಜೀಪಿನ ಬೋಲ್ಟು ಇಂಚಿನ ಭಾಗಗಳಲ್ಲಿ, ಇಟಲಿಯ ಫಿಯೆಟ್ಟಿನದು ಮಿಲಿಮೀಟರಿನಲ್ಲಿ. ಎರಡನ್ನೂ ಬಿಚ್ಚುವವನ ಪೆಟ್ಟಿಗೆಯಲ್ಲಿ ಎರಡು ಸೆಟ್ಟು ಇರಬೇಕಿತ್ತು. ಹತ್ತಿರದ ಅಳತೆಯ ಪಾನಾದಲ್ಲಿ ಬಿಚ್ಚಲು ಹೋಗಿ ಬೋಲ್ಟಿನ ತಲೆ ಉರುಟು ಮಾಡಿದ ಗುರುತುಗಳನ್ನು ಹಳೆಯ ಜೀಪುಗಳಲ್ಲಿ ಇಂದಿಗೂ ನೋಡಬಹುದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಎಲ್ಲರೂ ಅದರ ಗಾತ್ರ ಮತ್ತು ಬೆಲೆಯನ್ನು ನೋಡಿದರು. ಅಡಿಗೆ ಬಗ್ಗಿದವರಿಗೆ ಕಂಡದ್ದು ಬೇರೆ. ಶಾಫ್ಟು ಇಲ್ಲ! ಎಂಜಿನ್ನು ಅಡ್ಡಡ್ಡಲಾಗಿ ಕೂತಿದೆ, ಗೇರ್‌ಬಾಕ್ಸು ಅದರ ಪಕ್ಕಕ್ಕೆ ಅಂಟಿಕೊಂಡಿದೆ, ಡಿಫರೆನ್ಷಿಯಲ್ಲು ಅದೇ ಪೆಟ್ಟಿಗೆಯೊಳಗೆ. ಬ್ರಿಟನ್ನಿನಲ್ಲಿ 1959ರ ಮಿನಿ ಕಾರು ಜನಪ್ರಿಯಗೊಳಿಸಿದ್ದ ಅಡ್ಡ ಎಂಜಿನ್ನಿನ ಏರ್ಪಾಟು ಭಾರತದ ಮನೆಮನೆಗೆ ಬಂದದ್ದು ಹೀಗೆ. ಇಲ್ಲಿ ಮುಂದಿನ ಚಕ್ರಗಳೇ ಎಳೆಯಬೇಕು, ಅವೇ ತಿರುಗಬೇಕು. ಹಳೆಯ ಕ್ರಾಸಿಗೆ ಇದು ಆಗದ ಕೆಲಸ. ಓರೆಯಾಗಿ ತಿರುಗಿಸಿದಾಗ ಕ್ರಾಸು ಸುತ್ತಿಗೆ ಎರಡು ಬಾರಿ ವೇಗ ಹೆಚ್ಚುಕಡಿಮೆ ಮಾಡುತ್ತದೆ, ಸ್ಟಿಯರಿಂಗು ಕೈಯಲ್ಲೇ ನಡುಗೀತು. ಎಷ್ಟೇ ಓರೆಯಾದರೂ ಒಂದೇ ವೇಗದಲ್ಲಿ ತಿರುಗುವ ಕೀಲು ಬೇಕಿತ್ತು. 1920ರ ದಶಕದಲ್ಲಿ ಫೋರ್ಡ್ ಕಂಪನಿಯ ಎಂಜಿನಿಯರ್ ಆಲ್‌ಫ್ರೆಡ್ ರ್ಜೆಪಾ ರೂಪಿಸಿದ, ಬಾಗಿದ ಕಾಲುವೆಗಳಲ್ಲಿ ಆರು ಉಕ್ಕಿನ ಗುಂಡುಗಳು ಉರುಳುವ ಕೀಲು ಆ ಕೆಲಸಕ್ಕೆ ಒದಗಿತು. ಗ್ಯಾರೇಜಿನಲ್ಲಿ ಅದು ‘ಸಿವಿ ಜಾಯಿಂಟ್’.

ಈ ಕೀಲಿಗೆ ಗ್ರೀಸಿನ ತೊಟ್ಟಿಲ್ಲ. ಕಾರ್ಖಾನೆಯಲ್ಲೇ ಗ್ರೀಸು ತುಂಬಿ, ಮಡಿಕೆ ಮಡಿಕೆಯಾದ ರಬ್ಬರಿನ ಚೀಲ ಹೊದಿಸಿ ಎರಡು ಕಡೆ ಕ್ಲಿಪ್ಪು ಹಾಕಿರುತ್ತಾರೆ. ಆ ಚೀಲದ ಹೆಸರು ‘ಬೂಟ್’. ‘ಬೂಟ್ ಫಟ್ ಗಯಾ’ ಎಂದು ಮೆಕ್ಯಾನಿಕ್ ಹೇಳಿದಾಗ ಹೊಸ ಮಾಲೀಕ ತನ್ನ ಕಾಲಿನತ್ತ ನೋಡಿಕೊಂಡರೆ ನಗಬೇಕಿಲ್ಲ. ಒಂದರ್ಥದಲ್ಲಿ ಇಡೀ ಬದಲಾವಣೆ ಈ ಬೂಟಿನಲ್ಲಿದೆ. ಹಳೆಯ ಕಾರು ಹೇಳುತ್ತಿತ್ತು: ಆಗಾಗ ಬಂದು ನೋಡು, ಗ್ರೀಸು ಹಾಕು. ಹೊಸದು ಹೇಳುತ್ತದೆ: ಮುಟ್ಟಬೇಡ. ಆದರೆ ರಬ್ಬರು ಬಿಸಿಲಿಗೂ ಕೆಸರಿಗೂ ಗುಂಡಿಯಿಂದ ಸಿಡಿಯುವ ಕಲ್ಲಿಗೂ ಸೀಳುತ್ತದೆ. ಸೀಳಿದೊಡನೆ ತಿರುಗುವ ರಭಸಕ್ಕೆ ಗ್ರೀಸು ಹೊರಗೆ ಚಿಮ್ಮುತ್ತದೆ, ಮಳೆನೀರೂ ಮರಳೂ ಒಳಗೆ ಸೇರುತ್ತವೆ. ಸೀಳನ್ನು ಬೇಗ ಕಂಡುಹಿಡಿದರೆ ಬೂಟು ಮತ್ತು ಗ್ರೀಸು ಬದಲಿಸಿದರೆ ಸಾಕು. ತಡವಾದರೆ ಕೀಲೇ, ಕೆಲವು ಗಾಡಿಗಳಲ್ಲಿ ಇಡೀ ಶಾಫ್ಟೇ ಹೋಗುತ್ತದೆ. ಪರೀಕ್ಷೆಗೆ ಉಪಕರಣವೇ ಬೇಡ. ಖಾಲಿ ಮೈದಾನದಲ್ಲಿ ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಕಿಟಕಿ ಇಳಿಸಿ, ನಿಧಾನವಾಗಿ ಸುತ್ತು ಹಾಕಬೇಕು. ‘ಟಕ್ ಟಕ್ ಟಕ್’ ಎಂದು ಚಕ್ರದ ವೇಗಕ್ಕೆ ತಾಳ ಹಾಕಿದರೆ ಹೊರಗಿನ ಕೀಲು ಸವೆದಿದೆ. ನೇರ ದಾರಿಯಲ್ಲಿ ವೇಗ ಹೆಚ್ಚಿಸುವಾಗ ಮಾತ್ರ ಗಾಡಿ ನಡುಗಿದರೆ ಅನುಮಾನ ಒಳಗಿನ ಕೀಲಿನ ಮೇಲೆ. ಚಕ್ರದ ಒಳಮೈಗೆ ಗ್ರೀಸಿನ ಹುಂಡುಗಳು ಅಂಟಿಕೊಂಡಿದ್ದರೆ ಸದ್ದಿಗೂ ಕಾಯಬೇಕಾಗಿಲ್ಲ.

ಈ ಕೀಲು ಕಲ್ಯಾಣದ ಪಾಲಿಗೆ ಬರೀ ಬಿಡಿಭಾಗವಲ್ಲ. 1990ರ ದಶಕದಲ್ಲಿ ಪ್ರೀಮಿಯರ್ ಫ್ರಾನ್ಸಿನ ಪ್ಯೂಜೋ ಜೊತೆ ಕೂಡಿಕೊಂಡು ಕಲ್ಯಾಣದ ಕಾರ್ಖಾನೆಯಲ್ಲಿ ಪ್ಯೂಜೋ 309 ಕಾರನ್ನು ತಯಾರಿಸಿತು. ಪದ್ಮಿನಿಯ ಉದ್ದ ಶಾಫ್ಟಿನ ಕಂಪನಿ ಇಲ್ಲಿ ಮುಂದಿನ ಚಕ್ರ ಎಳೆಯುವ ಕಾರನ್ನು ಕಟ್ಟುತ್ತಿತ್ತು. ಕಾರು ಒಳ್ಳೆಯದೇ ಇತ್ತು, ಅದರ ಡೀಸೆಲ್ ಎಂಜಿನ್ನಿಗೆ ಒಳ್ಳೆಯ ಹೆಸರೂ ಇತ್ತು. ಆದರೆ 1997ರ ಸುಮಾರಿಗೆ ಎಲ್ಲವೂ ನಿಂತಿತು, ಪ್ಯೂಜೋ ಭಾರತ ಬಿಟ್ಟಿತು. ಕಾರು ಕೊಂಡವರು ತಯಾರಕನೇ ಇಲ್ಲದ ಗಾಡಿಯ ಒಡೆಯರಾದರು. ಅಧಿಕೃತ ಬಿಡಿಭಾಗದ ಅಂಗಡಿ ಇಲ್ಲದ ಮೇಲೆ ಉಳಿದ ದಾರಿ ಕುರ್ಲಾದ ಗುಜರಿ, ಬೇರೆ ಗಾಡಿಯ ಭಾಗವನ್ನು ಹೊಂದಿಸಿಕೊಳ್ಳುವ ಲೇತ್ ಅಂಗಡಿ, ಮತ್ತು ತನ್ನದೇ ಎರಡು ಕೈ. ‘ತಾನೇ ಮಾಡಿಕೊಳ್ಳುವುದು’ ಎಂಬುದಕ್ಕೆ ಇಂದು ಹವ್ಯಾಸದ ಮೆರುಗು ಬಂದಿದೆ. ಆ ಮಾಲೀಕರಿಗೆ ಅದು ಅನಾಥ ಗಾಡಿಯನ್ನು ಸಾಕುವ ಕೆಲಸವಾಗಿತ್ತು.

ಇನ್ನು ಎಸ್‌ಯುವಿ. 1994ರ ಟಾಟಾ ಸುಮೋ, 2000ದ ಟೊಯೊಟಾ ಕ್ವಾಲಿಸ್, 2002ರ ಮಹೀಂದ್ರ ಸ್ಕಾರ್ಪಿಯೋ ಮೂರೂ ಲಾರಿಯ ಹಾಗೆ ಚಾಸಿಯ ಮೇಲೆ ಕೂತ ಗಾಡಿಗಳು. ಶಾಫ್ಟು, ಕ್ರಾಸು, ಹಿಂದಿನ ಹೌಸಿಂಗ್ ಎಲ್ಲ ಹಳೆಯ ಪರಿಚಯ. ಜೀಪು ಬಲ್ಲ ಮೆಕ್ಯಾನಿಕ್ಕಿಗೆ ಇವು ಕಷ್ಟವೆನಿಸಲಿಲ್ಲ. ತಿರುವು ಬಂದದ್ದು ಆಮೇಲೆ. 2011ರ ಎಕ್ಸ್‌ಯುವಿ 500, 2012ರ ರೆನೋ ಡಸ್ಟರ್, 2013ರ ಫೋರ್ಡ್ ಇಕೋಸ್ಪೋರ್ಟ್, 2015ರ ಹ್ಯುಂಡೈ ಕ್ರೆಟಾ, 2016ರ ಮಾರುತಿ ಬ್ರೆಝಾ, 2017ರ ಟಾಟಾ ನೆಕ್ಸಾನ್: ಎತ್ತರದ ನಿಲುವು, ಅಗಲ ಎದೆ, ನೋಡಲು ಜೀಪಿನ ಮಕ್ಕಳು. ಅಡಿಯಲ್ಲಿ ಬಹುಪಾಲು ಮಾರುತಿ 800ರ ಮಕ್ಕಳು. ಅಡ್ಡ ಎಂಜಿನ್, ಮುಂದಿನ ಚಕ್ರದ ಎಳೆತ, ಎರಡು ಗಿಡ್ಡ ಶಾಫ್ಟು, ನಾಲ್ಕು ಬೂಟು. ನಾಲ್ಕೂ ಚಕ್ರ ಎಳೆಯುವ ಮಾದರಿಗಳು ಕೆಲವರಲ್ಲಿ ಇದ್ದವು, ಕೊಂಡವರು ಕಡಿಮೆ. ಕಾನೂನು ಕೂಡ ಅಡಿಗೆ ಬಗ್ಗಿ ನೋಡಿಲ್ಲ. 2022ರ ಡಿಸೆಂಬರಿನಲ್ಲಿ ಜಿಎಸ್‌ಟಿ ಮಂಡಳಿ ಹೆಚ್ಚಿನ ಸೆಸ್ಸಿಗಾಗಿ ಎಸ್‌ಯುವಿ ಎಂದರೇನೆಂದು ಸ್ಪಷ್ಟಪಡಿಸಿತು. 1500 ಸಿಸಿಗಿಂತ ಹೆಚ್ಚಿನ ಎಂಜಿನ್, 4000 ಮಿಲಿಮೀಟರಿಗಿಂತ ಹೆಚ್ಚಿನ ಉದ್ದ, ನೆಲದಿಂದ 170 ಮಿಲಿಮೀಟರ್ ಅಥವಾ ಮಿಗಿಲಾದ ಎತ್ತರ, ಜೊತೆಗೆ ಜನ ಅದನ್ನು ಎಸ್‌ಯುವಿ ಎಂದು ಕರೆಯುತ್ತಿರಬೇಕಿತ್ತು. ಯಾವ ಚಕ್ರ ಎಳೆಯುತ್ತದೆ ಎಂಬ ಮಾತೇ ಇರಲಿಲ್ಲ. ಜನ ಹಾಗೆ ಕರೆಯುತ್ತಿರಬೇಕು ಎಂಬ ಆಗಿನ ಷರತ್ತು ತೆರಿಗೆ ಕಾನೂನಿನಲ್ಲಿ ಅಪರೂಪದ ಭಾಷಾಶಾಸ್ತ್ರವಾಗಿತ್ತು.

ಜೀಪಿನ ನಿಲುವು ನಂಬಿ ನೀರಿಗಿಳಿದವರಿಗೆ ಈ ವ್ಯತ್ಯಾಸ ದುಬಾರಿಯಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಉಲ್ಹಾಸ ನದಿ ಉಕ್ಕಿ ಬದಲಾಪುರ, ಕಲ್ಯಾಣಗಳ ತಗ್ಗು ಪ್ರದೇಶಗಳು ಮುಳುಗಿದವು. 2019ರ ಜುಲೈ 27ರಂದು ಅದೇ ನದಿ ಬದಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ಸನ್ನು ಸುತ್ತುವರಿದು ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ಪಾರು ಮಾಡಬೇಕಾಯಿತು. ಪ್ರವಾಹ ಇಳಿದ ಮೇಲೆ ಎಲ್ಲರ ಗಮನ ಎಂಜಿನ್ನಿಗೆ, ಸೀಟಿಗೆ. ಆದರೆ ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ಉಸಿರಾಡಲು ಒಂದು ಸಣ್ಣ ಕೊಳವೆ ಇರುತ್ತದೆ, ಒಳಗಿನ ಗಾಳಿ ಬಿಸಿಗೆ ಹಿಗ್ಗಿದಾಗ ಹೊರಹೋಗಲು. ಓಡಿ ಬಿಸಿಯಾದ ಪೆಟ್ಟಿಗೆ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಅದೇ ಕೊಳವೆ ಇಲ್ಲವೇ ಸವೆದ ಸೀಲಿನ ಮೂಲಕ ನೀರನ್ನು ಹೀರುತ್ತದೆ. ಗಾಡಿ ಆಗ ಏನೂ ಹೇಳುವುದಿಲ್ಲ. ತಿಂಗಳುಗಳ ನಂತರ ಬೇರಿಂಗು ತುಕ್ಕು ಹಿಡಿದು ಊಳಿಡುತ್ತದೆ. ಮಂಡಿಯೆತ್ತರದ ನೀರಿನಲ್ಲಿ ನಿಂತ ಗಾಡಿಯ ಗೇರ್ ಎಣ್ಣೆಯನ್ನು ಬೋಲ್ಟು ಸಡಿಲಿಸಿ ನಾಲ್ಕು ಹನಿ ತೆಗೆದು ನೋಡಿದರೆ ವಿಷಯ ತಿಳಿಯುತ್ತದೆ. ಜೇನಿನ ಬಣ್ಣವೋ ಕಪ್ಪೋ ಇದ್ದರೆ ಚಿಂತೆಯಿಲ್ಲ. ಹಾಲು ಬೆರೆತ ಕಾಫಿಯ ಬಣ್ಣವಿದ್ದರೆ ಆ ಎಣ್ಣೆ ಇನ್ನೊಂದು ದಿನವೂ ಒಳಗಿರಬಾರದು. ಇನ್ನೊಂದು ತೊಂದರೆ: ನೀರಿನಲ್ಲಿ ನಿಂತು ಕೆಲದಿನ ಹಾಗೇ ಬಿಟ್ಟ ಗಾಡಿಯಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ ಅಂಟಿಕೊಂಡು, ಪೆಡಲ್ ಎಷ್ಟು ಒತ್ತಿದರೂ ಗೇರು ಬೀಳುವುದಿಲ್ಲ. ಗೇರ್‌ಬಾಕ್ಸೇ ಹೋಯಿತೆಂದು ಹೆದರಿ ಬಿಚ್ಚಿಸಿದವರುಂಟು.

ಎಣ್ಣೆಯ ಕಥೆಗೆ ನವಿಮುಂಬಯಿಗೆ ಬರಬೇಕು. ಥಾಣೆ-ಬೇಲಾಪುರ ರಸ್ತೆಯುದ್ದಕ್ಕೂ ಹಬ್ಬಿದ ಕಾರ್ಖಾನೆಗಳ ಸಾಲಿನಲ್ಲಿ, ತುರ್ಭೆಯಲ್ಲಿ, ಲೂಬ್ರಿಝಾಲ್ ಇಂಡಿಯಾದ ಘಟಕವಿದೆ. ಅದು ತಯಾರಿಸುವುದು ಎಣ್ಣೆಯನ್ನಲ್ಲ, ಎಣ್ಣೆಗೆ ಬೆರೆಸುವ ರಾಸಾಯನಿಕಗಳನ್ನು. ಗೇರಿನ ಹಲ್ಲುಗಳ ನಡುವೆ ಒತ್ತಡ ಎಷ್ಟಿರುತ್ತದೆಂದರೆ ಬರೀ ಎಣ್ಣೆಯ ಪದರ ಹಿಂಡಿ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ. ಗಂಧಕ, ರಂಜಕದ ಸಂಯುಕ್ತಗಳು ಆ ಬಿಸಿಯಲ್ಲಿ ಉಕ್ಕಿನೊಂದಿಗೆ ಸೇರಿ ತೆಳುವಾದ ಕಾಪಿನ ಪದರ ಕಟ್ಟುತ್ತವೆ. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ಕೊಳೆತ ವಾಸನೆ ಆ ಗಂಧಕದ್ದು. ಉಕ್ಕನ್ನು ಕಾಯುವ ಇದೇ ಗಂಧಕ ಹೆಚ್ಚಾದರೆ ಹಿತ್ತಾಳೆಯನ್ನು ತಿನ್ನಬಲ್ಲದು. ಗೇರ್‌ಬಾಕ್ಸಿನೊಳಗೆ ಗೇರು ಸಲೀಸಾಗಿ ಬೀಳುವಂತೆ ಮಾಡುವ ಸಿಂಕ್ರೊನೈಸರ್ ಉಂಗುರಗಳು ಸಾಮಾನ್ಯವಾಗಿ ಹಿತ್ತಾಳೆಯವು. ಆದ್ದರಿಂದಲೇ ಡಬ್ಬಿಯ ಮೇಲಿನ ಜಿಎಲ್-4, ಜಿಎಲ್-5 ಎಂಬ ಗುರುತನ್ನು ಕಡೆಗಣಿಸಬಾರದು. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಒಳ್ಳೆಯದು ಎಂದುಕೊಂಡು ಡಿಫರೆನ್ಷಿಯಲ್ಲಿನ ಎಣ್ಣೆಯನ್ನು ಗೇರ್‌ಬಾಕ್ಸಿಗೆ ಸುರಿದವರ ಗಾಡಿಗಳಲ್ಲಿ ಎರಡನೇ ಗೇರು ಕಚ್ಚುವುದು ತಡವಾಗಿಯಾದರೂ ಶುರುವಾಗುತ್ತದೆ. ‘ನೈಂಟಿ ಆಯಿಲ್ ಕೊಡಿ’ ಎಂದರೆ ಮುಗಿಯುತ್ತಿದ್ದ ಕಾಲ ಹೋಯಿತು. ಈಗ ಪುಸ್ತಿಕೆಯಲ್ಲಿ ಬರೆದ ಗುರುತೇ ಬೇಕು, ಆಟೊಮ್ಯಾಟಿಕ್ ಗಾಡಿಗಳಲ್ಲಿ ಅಕ್ಷರವೂ ಹೆಚ್ಚುಕಡಿಮೆ ಆಗುವಂತಿಲ್ಲ.

ಮ್ಯಾನುಯಲ್ ಗೇರಿನ ಎಸ್‌ಯುವಿಯಲ್ಲಿ ಗೇರ್ ಎಣ್ಣೆ ಬದಲಿಸುವುದು ಮನೆಯಲ್ಲಿ ಇಂದಿಗೂ ಆಗುವ ಕೆಲಸ. ಸಮನಾದ ನೆಲ ಬೇಕು. ಜ್ಯಾಕಿನ ಮೇಲೆ ನಿಂತ ಗಾಡಿಯಡಿ ಹೋಗಬಾರದು, ಸ್ಟ್ಯಾಂಡು ಇಡಲೇಬೇಕು, ಇದರಲ್ಲಿ ರಾಜಿಯಿಲ್ಲ. ಹಳಬರು ಹೇಳುವ ಒಂದು ಬುದ್ಧಿ ಚಿನ್ನದಂಥದು: ಇಳಿಸುವ ಬೋಲ್ಟಿಗೆ ಕೈ ಹಾಕುವ ಮುಂಚೆ ತುಂಬಿಸುವ ಬೋಲ್ಟು ಬಿಚ್ಚುತ್ತದೆಯೇ ನೋಡು. ಎಣ್ಣೆಯನ್ನೆಲ್ಲ ಇಳಿಸಿಯಾದ ಮೇಲೆ ಮೇಲಿನದು ತುಕ್ಕು ಹಿಡಿದು ಅಲ್ಲಾಡದಿದ್ದರೆ ಗಾಡಿ ಅಲ್ಲೇ ಬಂದಿ. ಇಳಿಸುವ ಬೋಲ್ಟಿಗೆ ಆಯಸ್ಕಾಂತವಿದ್ದರೆ ಅದರ ಮೇಲೆ ಕೂತ ಬೂದು ಬಣ್ಣದ ನುಣ್ಣನೆಯ ಲೇಪ ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಯಾವುದೋ ಹಲ್ಲು ಮುರಿದಿದೆ. ಅನೇಕ ಗಾಡಿಗಳಲ್ಲಿ ತುಂಬಿಸುವ ತೂತಿನ ಕೆಳ ಅಂಚೇ ಅಳತೆ, ಅಲ್ಲಿಂದ ಹನಿ ಹೊರಗೆ ಬಂದರೆ ಸಾಕು. ಕ್ಲಚ್ಚಿನ ಪರೀಕ್ಷೆಗೆ ಘೋಡಬಂದರ್ ರಸ್ತೆಯ ಗಾಯಮುಖ ಏರಿಗಿಂತ ಒಳ್ಳೆಯ ಜಾಗ ಥಾಣೆಯಲ್ಲಿಲ್ಲ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿನ ಸುತ್ತು ಏರಿ ಗಾಡಿಯ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ. ಕಲ್ಯಾಣ-ಶಿಳ್ ರಸ್ತೆಯ ಜಾಮಿನಲ್ಲಿ ದಿನವೂ ಅರ್ಧ ಕ್ಲಚ್ಚಿನಲ್ಲಿ ತೆವಳುವ ಗಾಡಿಗೂ ಎಕ್ಸ್‌ಪ್ರೆಸ್‌ವೇಯಲ್ಲಿ ಓಡುವ ಗಾಡಿಗೂ ಕ್ಲಚ್ಚಿನ ಆಯುಸ್ಸಿನಲ್ಲಿ ಅಜಗಜಾಂತರವಿದೆ. ಕಿಲೋಮೀಟರ್ ಎಣಿಸಿ ಕ್ಲಚ್ಚಿನ ವಯಸ್ಸು ಹೇಳುವವರನ್ನು ನಂಬಬಾರದು.

ಆಮೇಲೆ ಬರುವುದು ಪಾನಾ ತಲುಪದ ಜಾಗ. ಭಾರತ್ ಸ್ಟೇಜ್-4ರ ನಿಯಮಗಳಡಿ 2010ರಿಂದ ಮೊದಲ ಹಂತದ, 2013ರಿಂದ ಎರಡನೇ ಹಂತದ ಒಬಿಡಿ ವ್ಯವಸ್ಥೆ ಕಡ್ಡಾಯವಾಯಿತು. ಅಂದರೆ ಗಾಡಿ ತನ್ನ ರೋಗವನ್ನು ತಾನೇ ಬರೆದಿಡಬೇಕು. ಡ್ಯಾಶ್‌ಬೋರ್ಡಿನ ಕೆಳಗೆ ಹದಿನಾರು ಪಿನ್ನಿನ ಒಂದು ಕಿಂಡಿ. ಬೆಂಕಿಪೆಟ್ಟಿಗೆಯಷ್ಟಿನ ಅಗ್ಗದ ಅಡಾಪ್ಟರನ್ನು ಅದಕ್ಕೆ ಚುಚ್ಚಿ ಫೋನಿನಲ್ಲಿ ಸಂಕೇತ ಓದಬಹುದು. ಕಿವಿಗೆ ಬದಲಾಗಿ ಕಣ್ಣು ಬಂತು, ಮಾಲೀಕನಿಗೆ ಇದು ಲಾಭವೇ ಎನಿಸಿತು. ಆದರೆ ಒಬಿಡಿ ಹುಟ್ಟಿದ್ದು ಹೊಗೆಯನ್ನು ಅಳೆಯಲು, ಮಾಲೀಕನಿಗೆ ನೆರವಾಗಲು ಅಲ್ಲ. ಹೊಗೆಗೆ ಸಂಬಂಧಿಸಿದ್ದನ್ನು ಎಲ್ಲರಿಗೂ ಹೇಳುತ್ತದೆ. ಗೇರ್‌ಬಾಕ್ಸಿನ ಕಂಪ್ಯೂಟರ್ ದೂರು ಕೊಟ್ಟಾಗ ಅಗ್ಗದ ಅಡಾಪ್ಟರಿನಲ್ಲಿ ಅನೇಕ ವೇಳೆ ಕಾಣುವುದು ಪಿ0700 ಎಂಬ ಒಂದೇ ಸಾಲು. ಅದರ ಅರ್ಥ ‘ಗೇರಿನ ಕಡೆ ಏನೋ ಆಗಿದೆ, ಅವರನ್ನೇ ಕೇಳು’. ಏನಾಗಿದೆ ಎಂಬುದು ಒಳಗಿನ ಪೆಟ್ಟಿಗೆಯಲ್ಲಿದೆ, ಅದನ್ನು ಪೂರ್ತಿ ಓದುವ ಸಾಧನ ಕಂಪನಿಯ ಕೈಯಲ್ಲಿದೆ.

ಎಎಂಟಿ ಗೇರು ಇದಕ್ಕೆ ಒಳ್ಳೆಯ ಉದಾಹರಣೆ. 2014ರಲ್ಲಿ ಮಾರುತಿ ಸೆಲೆರಿಯೋದೊಂದಿಗೆ ಬಂದ ಈ ಏರ್ಪಾಟು ಕೆಲ ವರ್ಷಗಳಲ್ಲೇ ಬ್ರೆಝಾ, ನೆಕ್ಸಾನ್‌ಗಳಿಗೂ ಹಬ್ಬಿತು. ಒಳಗಿರುವುದು ಅದೇ ಹಳೆಯ ಕ್ಲಚ್ ಪ್ಲೇಟು, ಅದೇ ಗೇರು. ಕಾಲಿನ ಬದಲು ಯಂತ್ರ ಒತ್ತುತ್ತದೆ, ಅಷ್ಟೇ. ಬದಲಾಪುರದ ನುರಿತ ಮೆಕ್ಯಾನಿಕ್ ಪ್ಲೇಟು ಬದಲಿಸಬಲ್ಲ. ಬದಲಿಸಿದ ಮೇಲೆ ಹೊಸ ಪ್ಲೇಟು ಎಲ್ಲಿ ಕಚ್ಚುತ್ತದೆ ಎಂಬುದನ್ನು ಕಂಪ್ಯೂಟರಿಗೆ ಕಲಿಸಬೇಕು. ಆ ಪಾಠ ಹೇಳುವ ಸಾಧನವಿಲ್ಲದಿದ್ದರೆ ಅವನ ಕೆಲಸವೆಲ್ಲ ಸರಿಯಿದ್ದೂ ಗಾಡಿ ಎಗರಿ ಎಗರಿ ನಿಲ್ಲುತ್ತದೆ. ಮೂವತ್ತು ವರ್ಷದ ಕೈಯ ವಿದ್ಯೆ ಒಂದು ತಂತ್ರಾಂಶದ ಬಾಗಿಲಲ್ಲಿ ಕಾಯಬೇಕಾಗುತ್ತದೆ.

ಈ ಬಾಗಿಲಿನ ವಿಚಾರ ಒಮ್ಮೆ ವಿಚಾರಣೆಗೂ ಬಂತು. 2011ರ ಜನವರಿಯಲ್ಲಿ ಶಂಶೇರ್ ಕಟಾರಿಯಾ ಎಂಬವರು ಭಾರತದ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಮೂರು ಕಂಪನಿಗಳ ಮೇಲಿದ್ದ ದೂರು ತನಿಖೆಯಲ್ಲಿ ಬೆಳೆದು ಇಡೀ ಉದ್ಯಮವನ್ನೇ ಆವರಿಸಿತು. ಬಿಡಿಭಾಗ, ರಿಪೇರಿ ಪುಸ್ತಕ, ರೋಗ ಪತ್ತೆಯ ಸಾಧನಗಳನ್ನು ಹೊರಗಿನ ಗ್ಯಾರೇಜಿಗೆ ಕೊಡದೆ ಗ್ರಾಹಕನನ್ನು ತಮ್ಮ ಸರ್ವಿಸ್ ಸೆಂಟರಿಗೇ ಕಟ್ಟಿಹಾಕಿದ್ದಾರೆ ಎಂಬುದು ಆರೋಪ. 2014ರ ಆಗಸ್ಟ್ 25ರಂದು ಆಯೋಗ 14 ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ವಿಧಿಸಿತು. ದಂಡಕ್ಕಿಂತ ಮಹತ್ವದ್ದು ನಿರ್ದೇಶನ. ಬಿಡಿಭಾಗ ಮತ್ತು ಸಾಧನಗಳು ಹೊರಗೂ ಸಿಗಬೇಕು. ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಹಾಕುವಂತಿಲ್ಲ. ಹೊರಗಿನ ತಪ್ಪು ರಿಪೇರಿಯಿಂದ ಆದ ಹಾನಿಯಷ್ಟಕ್ಕೆ ಮಾತ್ರ ಅದು ಅನ್ವಯಿಸಬಹುದು. ಬೂಟು ಬದಲಿಸಿಕೊಂಡವನ ಎಂಜಿನ್ನಿನ ವಾರಂಟಿಯನ್ನು ಕಸಿಯುವುದು ಈ ಮಾತಿಗೆ ವಿರುದ್ಧ.

ಉಳಿದ ಕಂಪನಿಗಳ ಮೇಲಿನ ಆದೇಶ 2015ರ ಜುಲೈಯಲ್ಲಿ ಬಂತು. ಹ್ಯುಂಡೈಗೆ 420 ಕೋಟಿ ದಂಡ ವಿಧಿಸಿದ ಆ ಆದೇಶದಲ್ಲಿ ಇನ್ನೊಂದು ಹೆಸರೂ ಇತ್ತು: ಪ್ರೀಮಿಯರ್. ಗ್ರೀಸಿನ ಪಟ್ಟಿ ಕೊಟ್ಟು ಮಾಲೀಕನನ್ನು ಗಾಡಿಯಡಿಗೆ ಕರೆಯುತ್ತಿದ್ದ ಪದ್ಮಿನಿಯ ಕಂಪನಿ. 2009ರ ಕೊನೆಯಲ್ಲಿ ಅದು ರಿಯೋ ಎಂಬ ಪುಟ್ಟ ಎಸ್‌ಯುವಿಯೊಂದಿಗೆ ಮರಳಿತ್ತು. ಜಪಾನಿನ ಡೈಹಾಟ್ಸು ಮೂಲದ ವಿನ್ಯಾಸ ಚೀನಾದ ಮೂಲಕ ಬಂದದ್ದು, ಡೀಸೆಲ್ ಎಂಜಿನ್ನು ಪ್ಯೂಜೋ ಮೂಲದ್ದು. ನಾಲ್ಕು ಮೀಟರಿನೊಳಗಿನ ಎಸ್‌ಯುವಿ ಎಂಬ ಕಲ್ಪನೆ ಇತರರಿಗೆ ಹಣ ತಂದಿತು, ರಿಯೋಗೆ ತರಲಿಲ್ಲ. ಅದರ ಮಾಲೀಕರೂ ಕೊನೆಗೆ 309ರ ಮಾಲೀಕರ ಸ್ಥಿತಿಗೇ ಬಂದರು.

ಆಯೋಗದ ಆದೇಶ ಮೇಲ್ಮನವಿಗಳಲ್ಲಿ ಸಿಕ್ಕಿಕೊಂಡಿತು. 2016ರ ಡಿಸೆಂಬರಿನಲ್ಲಿ ಮೇಲ್ಮನವಿ ಮಂಡಳಿ ಮೂರು ಕಂಪನಿಗಳ ವಿಷಯದಲ್ಲಿ ತಪ್ಪನ್ನು ಎತ್ತಿಹಿಡಿದು ದಂಡವನ್ನು ಇಳಿಸಿತು, ಅಲ್ಲಿಂದ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಅದರಲ್ಲಿ ಸಿಗುವುದು ಹೆಚ್ಚಾಗಿ ಮಾಲೀಕರ ಪುಸ್ತಿಕೆ, ಸರ್ವಿಸ್ ಸೆಂಟರಿನ ವಿಳಾಸ, ವಾರಂಟಿಯ ವಿವರ. ಒಳಗಿನ ಪೆಟ್ಟಿಗೆಯ ಕೀಲಿಕೈ ಪೋರ್ಟಲ್ಲಿನಲ್ಲಿ ಸಿಗುವ ವಸ್ತುವಲ್ಲ. ಅದಕ್ಕೆ ಕಡ್ಡಾಯದ ಕಾನೂನೇ ಬೇಕು.

ಈ ನಡುವೆ ಎಂಎಚ್-04, 05, 43ರ ಹಸಿರು ಫಲಕದ ಎಸ್‌ಯುವಿಗಳು ಸೊಸೈಟಿಗಳಿಗೆ ಬರತೊಡಗಿವೆ. 2020ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ನೆಕ್ಸಾನ್ ಇವಿ ಮೊದಲಾಗಿ ಇವುಗಳಲ್ಲಿ ಕ್ಲಚ್ಚಿಲ್ಲ, ಬದಲಿಸುವ ಗೇರಿಲ್ಲ, ಮೋಟಾರಿನ ವೇಗ ಇಳಿಸುವ ಒಂದು ಪೆಟ್ಟಿಗೆ ಮತ್ತು ಅದರೊಳಗೆ ಸ್ವಲ್ಪ ಎಣ್ಣೆ. ಮೋಟಾರು ಒತ್ತಿದ ಕ್ಷಣವೇ ಪೂರ್ತಿ ಬಲ ಕೊಡುತ್ತದೆ, ಬ್ರೇಕ್ ಹಾಕಿದಾಗ ಅದೇ ಬಲ ಉಲ್ಟಾ ಬರುತ್ತದೆ. ಎರಡನ್ನೂ ತಡೆದುಕೊಳ್ಳುವುದು ಆ ಎರಡು ಗಿಡ್ಡ ಶಾಫ್ಟುಗಳು, ಅವುಗಳ ತುದಿಯ ಆರು ಗುಂಡುಗಳ ಕೀಲು, ಅದರ ಮೇಲಿನ ರಬ್ಬರಿನ ಬೂಟು. ಮಳೆಗಾಲಕ್ಕೆ ಮುಂಚೆ ಸ್ಟಿಯರಿಂಗನ್ನು ಒಂದು ಕಡೆಗೆ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಟಾರ್ಚು ಬಿಟ್ಟರೆ ಅದರ ಮಡಿಕೆಗಳು ಬಿಚ್ಚಿಕೊಂಡು ಕಾಣುತ್ತವೆ. ಬಿರುಕು ಹೆಚ್ಚಾಗಿ ಹೊರಗಿನ ಕೀಲಿನ ಕಡೆಯ ಮಡಿಕೆಯ ತಗ್ಗಿನಲ್ಲಿರುತ್ತದೆ.